ಹಸುವಿನ ಓಲೆ

ಸರ್ಕಾರದವರು ದನದ ಕಿವಿಗೆ ಚುಚ್ಚುವ, ನಂಬರು ಬರೆದ ಹಳದಿ ಪ್ಲಾಸ್ಟಿಕ್ ತುಂಡಿಗೆ ‘ಕಿವಿಯೋಲೆ’ ಎಂದು ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಯಾವುದೋ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಇಂಗ್ಲಿಷ್ ಪದಕ್ಕೆ ಕನ್ನಡ ಹುಡುಕುತ್ತಿದ್ದ ಪುಣ್ಯಾತ್ಮರು ಇರಬೇಕು. ಬಿಲ್ಲೆ ಎಂದಿದ್ದರೆ ಸಾಕಿತ್ತು. ಅವರ ಬಾಯಿಗೆ ಓಲೆ ಬಂತು, ನಮ್ಮ ಮನೆಯಲ್ಲಿ ಒಂದು ರಾಮಾಯಣ ಆಯಿತು.

ನಾನು ಮೈಸೂರಿನ ಲಕ್ಷ್ಮೀಪುರಂನಲ್ಲಿ ಹುಟ್ಟಿ ಬೆಳೆದವಳು. ಒಂಟಿಕೊಪ್ಪಲಿಗೆ ಸೊಸೆಯಾಗಿ ಬಂದಾಗ ಊರೇನೂ ಬದಲಾಗಲಿಲ್ಲ, ಹತ್ತುವ ಬಸ್ಸು ಬದಲಾಯಿತು ಅಷ್ಟೆ ಎಂದುಕೊಂಡಿದ್ದೆ. ಹಿತ್ತಿಲ ಬಾಗಿಲು ತೆಗೆದರೆ ಎದುರಿಗೆ ಹಸು ನಿಂತಿರುತ್ತದೆ ಎಂದು ಹೆಣ್ಣು ನೋಡಲು ಬಂದಾಗ ಯಾರೂ ಬಾಯಿ ಬಿಟ್ಟಿರಲಿಲ್ಲ. ಹೆಸರೇ ಹೇಳುವಂತೆ ಒಂಟಿಕೊಪ್ಪಲು ಹಿಂದೆ ಕೊಪ್ಪಲು, ಅಂದರೆ ಪುಟ್ಟ ಹಳ್ಳಿ. ಮೈಸೂರು ಬೆಳೆದು ಅದನ್ನು ನುಂಗಿದರೂ ಕೆಲವು ಹಿತ್ತಿಲುಗಳು ಅರಗದೆ ಉಳಿದಿವೆ. ನಮ್ಮದು ಅಂಥದ್ದು: ಮುಂದೆ ತಾರಸಿ ಮನೆ, ಹಿಂದೆ ಶೀಟು ಹೊದಿಸಿದ ಕೊಟ್ಟಿಗೆ, ಅದರಲ್ಲಿ ಅತ್ತೆಯ ಒಂದೇ ಒಂದು ಸೀಮೆಹಸು. ಅದನ್ನು ಅವರು ‘ನಮ್ ಉಡುಗಿ’ ಎಂದು ಕರೆಯುತ್ತಿದ್ದರು. ನನ್ನನ್ನು ಮಾತ್ರ ‘ಇವಳು’ ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಇದು ನನ್ನ ಹೊಟ್ಟೆ ಉರಿಸಿದ್ದು ಸುಳ್ಳಲ್ಲ.

ಮಾವ ತೀರಿಕೊಂಡಾಗ ನಮ್ಮ ಯಜಮಾನರು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದರಂತೆ. ಆಗಿನಿಂದ ಅತ್ತೆ ಹಸು ಕಟ್ಟಿಕೊಂಡೇ ಬದುಕಿದವರು. ಬೆಳಗ್ಗೆ ಎದ್ದು ಹಾಲು ಕರೆದು, ಕ್ಯಾನು ಹಿಡಿದು, ತಿಂಗಳ ಲೆಕ್ಕದಲ್ಲಿ ಹಾಲು ಹಾಕಿಸಿಕೊಳ್ಳುವ ವರ್ತನೆ ಮನೆಗಳಿಗೆ ಹೊರಡುವರು. ಪಾತ್ರೆ ಹಿಡಿದು ಬಾಗಿಲಿಗೆ ಬಂದವರು ಯಾರು ಎಂಬುದನ್ನು ನೋಡಿಯೇ ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೋ, ಮಗಳು ತವರಿಗೆ ಬಂದಿದ್ದಾಳೋ ಹೇಳಿಬಿಡುತ್ತಿದ್ದರು. ಮಂಡಿ ನೋವು ಇತ್ತು. ಮೆಟ್ಟಿಲು ಹತ್ತುವಾಗ ‘ಅಯ್ಯಪ್ಪಾ’ ಎನ್ನುತ್ತಿದ್ದವರು ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತಾಗ ಉಸ್ಸೆಂದದ್ದು ನಾನು ಕೇಳಿಲ್ಲ.

ನಾನು ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತೇನೆ. ಹಾಗಾಗಿ ಮನೆಗೆ ಬರುವ ಸರ್ಕಾರಿ ಕಾಗದವೆಲ್ಲ ನನ್ನ ತಲೆಗೇ ಕಟ್ಟಿದ್ದು. ಹಾಲಿಗೆ ಸರ್ಕಾರ ಲೀಟರಿಗೆ ಇಷ್ಟು ಎಂದು ಪ್ರೋತ್ಸಾಹಧನ ಕೊಡುತ್ತದೆ ಎಂದು ಅತ್ತೆ ಎಲ್ಲೋ ಕೇಳಿ ಬಂದರು. ವಿಚಾರಿಸಿದೆ. ಅದು ಡೇರಿಗೆ ಹಾಲು ಹಾಕುವವರಿಗೆ, ಮನೆಮನೆಗೆ ಹಾಕುವವರಿಗಲ್ಲ. ಕೊಟ್ಟಿಗೆ ಕಟ್ಟಲು ಸಹಾಯಧನ ಇದೆ ಎಂದರು. ಅದು ಹಳ್ಳಿಯವರಿಗೆ. ಮೇವು ಕತ್ತರಿಸುವ ಮಿಷನ್ನಿಗೆ ಸಬ್ಸಿಡಿ ಇದೆ ಎಂದರು. ಅದಕ್ಕೆ ಹೆಸರಲ್ಲಿ ಪಹಣಿ ಇರಬೇಕು, ಜಮೀನಿಲ್ಲದವರು ಆ ಲೆಕ್ಕದಲ್ಲಿ ರೈತರಲ್ಲ.

“ಪ್ಯಾಟೆಯೋರು ಅನ್ನಕ್ಕೆ ಅಸಾ ಐತೆ. ರೈತ್ರು ಅನ್ನಕ್ಕೆ ಒಲ ಇಲ್ಲ. ಅಂಗಾರೆ ನಾನ್ಯಾರವ್ವಾ?” ಎಂದು ಅತ್ತೆ ಕೇಳಿದರು. ಅದಕ್ಕೆ ಯಾವ ಮಾರ್ಗಸೂಚಿಯಲ್ಲೂ ಉತ್ತರ ಇರಲಿಲ್ಲ.

ಹೀಗಿರುವಾಗ ದನದ ಆಸ್ಪತ್ರೆಯ ಡಾಕ್ಟರಮ್ಮ ಕಾಲುಬಾಯಿ ಜ್ವರದ ಲಸಿಕೆ ಹಾಕಲು ನಮ್ಮ ಬೀದಿಗೆ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಸ್ಕೂಟರಿನಲ್ಲಿ ಓಡಾಡುವವರು. ಲಸಿಕೆ ಮುಗಿಸಿ, “ಅಮ್ಮ, ನಿಮ್ಮ ಹಸೂಗೆ ಓಲೆ ಹಾಕ್ಬೇಕಲ್ಲ” ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡರು. “ಓಲೆಯಾ? ತಡೀರಿ ಡಾಕ್ಟ್ರವ್ವ, ಅಂಗೇ ಆಕ್ಬುಡ್ತಾರಾ?” ಎಂದು ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದರು. ಹಸುವಿನ ಹಣೆಗೆ ಹಚ್ಚಿದರು, ಡಾಕ್ಟರಮ್ಮನ ಹಣೆಗೂ ಹಚ್ಚಿದರು, ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಇಟ್ಟು ಕೊಟ್ಟರು. ಡಾಕ್ಟರಮ್ಮ ನಗುತ್ತಲೇ ತೆಗೆದುಕೊಂಡು ಇಕ್ಕಳ ಒತ್ತಿದರು. ಹಸು ಒಮ್ಮೆ ತಲೆ ಕೊಡವಿತು. ಮಾರನೆಯ ದಿನ ಅತ್ತೆ ವರ್ತನೆ ಮನೆಗಳಲ್ಲೆಲ್ಲ “ನಮ್ ಉಡುಗೀಗೆ ಓಲೆ ಆಕುಸ್ದೊ” ಎಂದು ಹೇಳಿಕೊಂಡು ಬಂದರು. ಒಂದು ಮನೆಯವರು ತಮಾಷೆಗೋ ನಿಜಕ್ಕೋ ಒಂದು ರವಿಕೆ ಕಣವನ್ನೇ ಕೊಟ್ಟು ಕಳಿಸಿದ್ದರು. ಅದರಲ್ಲಿ ನಾನು ಬ್ಲೌಸ್ ಹೊಲಿಸಿಕೊಂಡೆ.

ಅವತ್ತು ಡಾಕ್ಟರಮ್ಮ ಹೊರಡುವಾಗ ಒಂದು ಮಾತು ಹೇಳಿದ್ದರು. ಇನ್ನು ಈ ಹಸು ಸರ್ಕಾರದ ಲೆಕ್ಕದಲ್ಲಿದೆ, ಊರು ಯಾವುದೇ ಇರಲಿ, ಜಮೀನು ಇರಲಿ ಬಿಡಲಿ, ಹಸು ಅಕಸ್ಮಾತ್ ಸತ್ತರೆ ಪರಿಹಾರ ಬರುತ್ತದೆ. “ಆದ್ರೆ ಓಲೆ ಮುಖ್ಯ ಅಮ್ಮ. ಓಲೆ ಇಲ್ದಿದ್ರೆ ಏನೂ ಇಲ್ಲ.”

ಅತ್ತೆ ತಲೆಯಾಡಿಸಿದರು. ಅವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓಲೆ ಹೋದರೆ ಹೆಂಗಸಿಗೆ ಏನೇನು ಹೋಗುತ್ತದೆ ಎಂಬುದನ್ನು ಅವರು ನನಗೆ ಒಮ್ಮೆ ಸಗಣಿ ಬಾಚುತ್ತಾ ಹೇಳಿದ್ದರು. ಮಾವನ ತಿಥಿಯ ಹೊತ್ತಿಗೆ ಹಿತ್ತಿಲಲ್ಲೇ, ಅದೇ ಕೊಟ್ಟಿಗೆಯ ಪಕ್ಕ, ನೆಂಟರ ಹೆಂಗಸರು ಸುತ್ತ ಸೀರೆ ಮರೆ ಹಿಡಿದು ಬಳೆ ಒಡೆದು ಓಲೆ ಬಿಚ್ಚಿದ್ದರಂತೆ. “ಮರೆ ಇಡಿದಿದ್ದು ಬೇರೆಯೋರ್ಗೆ ಕಾಣ್ಬಾರ್ದು ಅಂತ. ನಂಗೆಲ್ಲಿತ್ತು ಮರೆ?” ಎಂದಿದ್ದರು. ಈಗ ಕಾಲ ಬದಲಾಗಿದೆ, ಹಾಕಿಕೊಳ್ಳಿ ಎಂದು ನಾನೇ ಒಂದು ಜೊತೆ ತಂದುಕೊಟ್ಟಿದ್ದೆ. ಡಬ್ಬಿಯಲ್ಲೇ ಇಟ್ಟರು. ಅವರ ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ ಮಾತ್ರ ಇರುತ್ತಿತ್ತು.

ಹಸು ಸತ್ತದ್ದು ಪಿತೃಪಕ್ಷದ ಅಮಾವಾಸ್ಯೆಯ ಮಾರನೆಯ ದಿನ. ಸತ್ತದ್ದು ಅನ್ನುವುದಕ್ಕಿಂತ ಪುಣ್ಯ ಹೆಚ್ಚಾಗಿ ಹೋಯಿತು ಅನ್ನಬೇಕು. ಬೀದಿಯಲ್ಲಿ ಉಳಿದಿರುವುದೇ ಒಂದೋ ಎರಡೋ ಹಸು, ಪಿತೃಗಳು ಎಲ್ಲರ ಮನೆಯಲ್ಲೂ ಇದ್ದಾರೆ. ಎಡೆ ಇಟ್ಟ ಅನ್ನ, ಪಾಯಸ, ವಡೆ ಹಿಡಿದುಕೊಂಡು ಮಧ್ಯಾಹ್ನದಿಂದ ಒಬ್ಬರಾದ ಮೇಲೊಬ್ಬರು ಹಿತ್ತಿಲ ಗೇಟಿಗೆ ಬಂದರು. ಅತ್ತೆ ತಮ್ಮನ ಮನೆಯ ಎಡೆಗೆ ಹೋಗಿದ್ದರು, ನಾನು ಆಫೀಸಿನಲ್ಲಿದ್ದೆ. ಬೇಡ ಅನ್ನುವವರು ಯಾರೂ ಇರಲಿಲ್ಲ. ಸಂಜೆಗೆ ಹೊಟ್ಟೆ ಉಬ್ಬರಿಸಿಕೊಂಡಿತು. ಡಾಕ್ಟರಮ್ಮ ಓಡಿ ಬಂದು ಔಷಧಿ ಕುಡಿಸಿದರು, ಬಾಟಲಿ ಏರಿಸಿದರು. ಬೆಳಗಾಗುವಷ್ಟರಲ್ಲಿ ಕಾಲು ಚಾಚಿತ್ತು. ಜನರ ಭಕ್ತಿಗೆ ಹಸುವಿನ ನಾಲ್ಕು ಹೊಟ್ಟೆಯೂ ಸಾಲದು ಎಂದು ಆಗ ನನಗೆ ಗೊತ್ತಾಯಿತು. ಸಿಟ್ಟು ಬಂದಿತ್ತು, ಯಾರ ಮೇಲೆ ತೋರಿಸುವುದು? ವಡೆ ಕೊಟ್ಟವರೆಲ್ಲ ನಮ್ಮ ವರ್ತನೆಯವರೇ.

ಹೂಳಲು ಪೇಟೆಯಲ್ಲಿ ಜಾಗ ಎಲ್ಲಿದೆ? ಅತ್ತೆಯ ತಮ್ಮನಿಗೆ ರಿಂಗ್ ರೋಡಿನ ಆಚೆ ಒಂದು ತುಂಡು ಹೊಲ ಉಳಿದಿತ್ತು. ಟ್ರ್ಯಾಕ್ಟರಿನಲ್ಲಿ ಅಲ್ಲಿಗೆ ಸಾಗಿಸಿದೆವು. ಡಾಕ್ಟರಮ್ಮ ಅಲ್ಲಿಗೇ ಬಂದು ಪೋಸ್ಟ್‌ಮಾರ್ಟಂ ಮಾಡಿದರು, ಓಲೆ ಕಾಣುವ ಹಾಗೆ ಫೋಟೊ ತೆಗೆದುಕೊಂಡರು. ಅಷ್ಟರಲ್ಲಿ ಇನ್ನೊಂದು ಕಡೆ ಹಸು ಈಯುವಾಗ ಕರು ಅಡ್ಡ ಸಿಕ್ಕಿದೆ ಎಂದು ಫೋನ್ ಬಂತು. “ಮಣ್ಣು ಮಾಡೋಕೆ ಮುಂಚೆ ಓಲೆ ಕತ್ತರಿಸಿ ಇಟ್ಕೊಳ್ಳಿ ಅಮ್ಮ, ಅರ್ಜಿ ಜೊತೆ ಕೊಡಬೇಕು” ಎಂದು ಹೇಳಿ ಸ್ಕೂಟರ್ ಹತ್ತಿದರು. ಅತ್ತೆ ಅದಕ್ಕೂ ತಲೆಯಾಡಿಸಿದರು.

ಆಮೇಲೆ ನಡೆದದ್ದನ್ನು ನಾನು ಅಲ್ಲೇ ನಿಂತು ನೋಡಿದೆ. ಕುಯ್ದಿದ್ದ ಹೊಟ್ಟೆ ಮುಚ್ಚುವ ಹಾಗೆ ಅತ್ತೆ ತಮ್ಮದೇ ಒಂದು ಒಳ್ಳೆಯ ಸೀರೆ ಹೊದಿಸಿದರು. ಮುಖಕ್ಕೆ ಅರಿಶಿನ ಬಳಿದರು, ಕುಂಕುಮ ಇಟ್ಟರು, ಕೊಂಬಿಗೆ ಹೂ ಸುತ್ತಿದರು. ನಮ್ಮ ಯಜಮಾನರು ಕುಡುಗೋಲು ತೆಗೆದುಕೊಂಡು ಕಿವಿಯ ಹತ್ತಿರ ಬಂದರು. ಅತ್ತೆ ಕೈ ಅಡ್ಡ ಹಿಡಿದರು.

“ಸಾಯೋಗಂಟ ಮುತ್ತೈದೆ ಅಂಗಿದ್ಲು. ಓಲೆ ಆಕ್ಕಂಡೇ ಓಗ್ಲಿ.”

“ಅವ್ವ, ಅದು ಓಲೆ ಅಲ್ಲ ಕಣವ್ವ, ಪ್ಲಾಸ್ಟಿಕ್ಕು. ಅದಿಲ್ಲ ಅಂದ್ರೆ ದುಡ್ಡು ಬರಲ್ಲ.”

“ಬರ್ದಿದ್ರೆ ಬ್ಯಾಡ. ಉಪ್ಪು ಸುರೀರಿ.”

ನಮ್ಮ ಯಜಮಾನರು ಕುಡುಗೋಲು ಕೆಳಗಿಟ್ಟರು. ಉಪ್ಪು ಸುರಿದರು, ಮಣ್ಣು ಎಳೆದರು. ಹಸು ಓಲೆಯ ಸಮೇತ ಹೋಯಿತು.

ಅರ್ಜಿ ಹಾಕಿದೆ. ಆಧಾರ್, ಪಾಸ್‌ಬುಕ್, ಡಾಕ್ಟರ ಸರ್ಟಿಫಿಕೇಟು, ಫೋಟೊ, ಎಲ್ಲ ಇತ್ತು. ಓಲೆ ಇಲ್ಲ ಎಂದು ವಾಪಸ್ ಬಂತು. ಇಲ್ಲಿಗೆ ವಿಷಯ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ, ಯಾಕೆಂದರೆ ಬೇರೆ ಹಸು ಕೊಳ್ಳಲು ನಮ್ಮ ಹತ್ತಿರ ಇದ್ದ ದಾರಿ ಆ ಪರಿಹಾರ ಒಂದೇ. ನಮ್ಮ ಯಜಮಾನರು ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೆಲಸಕ್ಕಿರುವವರು, ನನ್ನ ಸಂಬಳ ಗಾಳಿಗೆ ಹಾರುವಷ್ಟು. ಅವರು ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟರು.

“ಅವ್ವ, ಕೊಟ್ಟಿಗೆ ಒಡೆದು ಹಿಂದಿನ ಗಲ್ಲಿ ಕಡೆಗೆ ಒಂದು ಶಟರ್ ಹಾಕ್ಸೋಣ. ಮೊಬೈಲ್ ರಿಪೇರಿಯೋನು ಬಾಡಿಗೆಗೆ ಕೇಳ್ತಾನೇ ಇದ್ದಾನೆ, ಅಡ್ವಾನ್ಸಲ್ಲೇ ಕೆಲಸ ಮುಗಿಯುತ್ತೆ. ನೀನೂ ಎಷ್ಟು ದಿನ ಅಂತ ಸಗಣಿ ಬಾಚ್ತೀಯ?”

ಅವರದು ಕೆಟ್ಟ ಬುದ್ಧಿಯಲ್ಲ. ತಾಯಿಯ ಮಂಡಿಗೆ ಎಣ್ಣೆ ನೀವುವವರು ಅವರೇ. ನನಗೂ ಒಂದು ಕ್ಷಣ ಸೊಳ್ಳೆಯಿಲ್ಲದ ಹಿತ್ತಿಲು ಕಣ್ಣ ಮುಂದೆ ಬಂತು. ಅತ್ತೆ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟರು.

“ಗ್ವಾಡೆ ನೋಡ್ಕಂಡು ಕೂತ್ಕಳಕ್ಕೆ ನಂಗೆ ಬರಾಕಿಲ್ಲ ಕಣಪ್ಪ” ಎಂದಷ್ಟೇ ಹೇಳಿ ಎದ್ದರು.

ಆಗಿನ ದಿನಗಳು ನನಗೆ ಇನ್ನೂ ಸಂಕಟ ತರುತ್ತವೆ. ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಅತ್ತೆಗೆ ಎಚ್ಚರವಾಗುತ್ತಿತ್ತು. ಎದ್ದು ಖಾಲಿ ಕೊಟ್ಟಿಗೆಗೆ ನೀರು ಹಾಕಿ ತೊಳೆಯುತ್ತಿದ್ದರು. ತೊಳೆಯಲು ಏನಿದೆ ಅಲ್ಲಿ? ವರ್ತನೆ ಮನೆಯವರು ಒಬ್ಬೊಬ್ಬರಾಗಿ ಪ್ಯಾಕೆಟ್ ಹಾಲಿಗೆ ಹೋದರು. ಊರಿನ ಸುದ್ದಿಯೆಲ್ಲ ಹೊತ್ತು ತರುತ್ತಿದ್ದವರು ಟಿವಿಯ ಮುಂದೆ ಕೂತು, ಅದರಲ್ಲಿ ಯಾರು ಏನೆಂದರು ಎಂಬುದೂ ಗೊತ್ತಾಗದೆ ಎದ್ದು ಬರುತ್ತಿದ್ದರು. ಇನ್ನೊಂದು ಹಸು ಬರದಿದ್ದರೆ ಇವರು ಹೆಚ್ಚು ದಿನ ನೆಟ್ಟಗಿರುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಒಂದು ಶನಿವಾರ ಅವರನ್ನು ಕರೆದುಕೊಂಡು ದನದ ಆಸ್ಪತ್ರೆಗೆ ಹೋದೆ. ಜಗಳ ಆಡುವ ತಯಾರಿಯಲ್ಲೇ ಹೋಗಿದ್ದೆ. ವಕೀಲರ ಆಫೀಸಿನಲ್ಲಿ ಕೂತು ಕೂತು ನನಗೂ ನಾಲ್ಕು ಮಾತು ಬರುತ್ತವೆ. ಆದರೆ ಡಾಕ್ಟರಮ್ಮ ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿ, ಮೊದಲು ಟೀ ತರಿಸಿದರು. ಟೀ ಕುಡಿದ ಮೇಲೆ ಜಗಳ ಕಷ್ಟ.

“ನೀವೇ ಕಣ್ಣಾರೆ ನೋಡುದ್ರಲ್ಲ ಡಾಕ್ಟ್ರವ್ವ. ಸತ್ತಿರೋದು ಸುಳ್ಳಾ?” ಎಂದು ಅತ್ತೆ ಕೇಳಿದರು.

“ಸುಳ್ಳಲ್ಲ ಅಮ್ಮ. ಆದ್ರೆ ಓಲೆ ವಾಪಸ್ ತಗೊಳ್ದೆ ದುಡ್ಡು ಕೊಡೋ ಹಾಗಿಲ್ಲ. ಸತ್ತ ಹಸೂದು ತೆಗೆದು ಇನ್ನೊಂದಕ್ಕೆ ಹಾಕಿ ಮತ್ತೆ ಅರ್ಜಿ ಕೊಟ್ಟೋರು ಇದ್ದಾರೆ. ಅದಕ್ಕೇ ಈ ರೂಲ್ಸು.”

“ನಾನು ಅಂತೋಳಂಗೆ ಕಾಣ್ತೀನಾ?”

“ಕಾಣಲ್ಲ. ಮುಖ ನೋಡಿ ಕೊಡೋದಾಗಿದ್ರೆ ನಿಮಗೇ ಮೊದಲು ಕೊಡ್ತಿದ್ದೆ.” ಡಾಕ್ಟರಮ್ಮ ಮೆಲ್ಲಗೆ ಹೇಳಿದರು: “ಮುಖ ನೋಡಿ ಕೊಡ್ತಿದ್ದ ಕಾಲದಲ್ಲಿ ಯಾರ ಮುಖಕ್ಕೆ ಸಿಗ್ತಿತ್ತು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತಲ್ವಾ ಅಮ್ಮ?”

ಅತ್ತೆ ಲೋಟ ಕೆಳಗಿಟ್ಟರು. ಮಾವ ಹೋದ ಮೇಲೆ ವಿಧವೆಯರ ಪಿಂಚಣಿಗೆ ಅವರು ಅಲೆದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೇಳಿಸಲು ದೊಡ್ಡವರು ಯಾರೂ ಇರಲಿಲ್ಲ, ಹಾಗಾಗಿ ಅವರ ಮಾತಿಗೆ ಬೆಲೆಯೂ ಇರಲಿಲ್ಲ. ಯಾರ ಮಾತನ್ನೂ ನಂಬದ ಕಾನೂನು ಮೊಂಡು ಎಂದು ನಾನು ಬೈಯುತ್ತಾ ಬಂದಿದ್ದೆ. ಯಾರ ಮಾತನ್ನೂ ನಂಬದಿರುವುದರಿಂದಲೇ ಅದು ಮಾತಿಗೆ ಬೆಲೆಯಿಲ್ಲದವರ ಕೈಗೂ ಎಟುಕುತ್ತದೆ ಎಂದು ಅಲ್ಲಿ ಮರದ ಬೆಂಚಿನ ಮೇಲೆ ಕೂತಿದ್ದಾಗ ಹೊಳೆಯಿತು. ಹೊಳೆದು ಮಾಡುವುದೇನು? ಓಲೆ ಮಣ್ಣಿನಡಿ ಇತ್ತು. ಅಗೆದು ತಂದರೆ ಅರ್ಜಿ ಮತ್ತೆ ಕಳಿಸುತ್ತೇನೆ ಎಂದು ಡಾಕ್ಟರಮ್ಮ ಹೇಳಿದರು. ಹೇಳುವಾಗ ಅವರು ಅತ್ತೆಯ ಮುಖ ನೋಡಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಖಡಾಖಂಡಿತವಾಗಿ ಹೇಳಿದರು, ಅಗೆಯುವುದು ಬೇಡ. ನಮ್ಮ ಯಜಮಾನರು ಹಾಗಾದರೆ ಮೊಬೈಲ್ ರಿಪೇರಿಯವನಿಗೆ ಮಾತು ಕೊಡುತ್ತೇನೆ ಎಂದರು. ಕೊಟ್ಟು ನೋಡು, ಕೊಟ್ಟೇ ಕೊಡ್ತೀನಿ ಎಂದು ಇಬ್ಬರೂ ಹಟಕ್ಕೆ ಬಿದ್ದರು. ನನಗೆ ರೇಗಿತು. ರೇಗಿದರೆ ನನಗೆ ಹಿಂದು ಮುಂದು ಗೊತ್ತಾಗುವುದಿಲ್ಲ. “ಕೊಟ್ಟಿಗೆ ಒಡೆಯೋದೂ ಬೇಡ, ಹಸು ಅಗೆಯೋದೂ ಬೇಡ. ಇದನ್ನ ಗಿರವಿ ಇಟ್ಟು ಹಸು ತನ್ನಿ” ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ನನ್ನ ತವರಿನವರು ಹಾಕಿದ ಓಲೆಯ ತಿರುಪು ತಿರುವತೊಡಗಿದೆ. ಒಂದು ಕಳಚಿ ಅಂಗೈಗೆ ಬಂತು.

ಅತ್ತೆ ಎದ್ದ ರಭಸಕ್ಕೆ ತಟ್ಟೆ ಉರುಳಿತು. ಬಂದವರೇ ನನ್ನ ಮಣಿಕಟ್ಟು ಹಿಡಿದರು. ಹಾಲು ಕರೆದ ಕೈ, ನೋವಾಗುವ ಹಾಗೆ ಹಿಡಿದರು.

“ಆಕ್ಕೊ ಮೊದ್ಲು.”

“ಅತ್ತೆ, ಗಿರವಿ ತಾನೆ, ಬಿಡಿಸ್ಕೊಂಡ್ರೆ...”

“ಆಕ್ಕೊ ಅಂದೆ.” ನಾನು ಹಾಕಿಕೊಂಡು ತಿರುಪು ಬಿಗಿ ಮಾಡುವವರೆಗೂ ಕೈ ಬಿಡಲಿಲ್ಲ. ಆಮೇಲೆ ಮಗನ ಕಡೆ ತಿರುಗಿದರು. “ಬದುಕಿರೋಳ ಕಿವಿ ಬರಿದು ಮಾಡೋದ್ಕಿಂತ ಸತ್ತೋಳ ಕಿವೀಲಿ ತೆಗ್ಯೋದು ವಾಸಿ. ನಾಳಿಕೆ ಗುದ್ಲಿ ತಗಂಡು ನಡಿಯಪ್ಪ.”

ಮಾರನೆಯ ದಿನ ಹೋದೆವು. ಹೊಲದ ಸುತ್ತ ಸೈಟುಗಳ ಕಲ್ಲು ನೆಟ್ಟಿದ್ದರು, ಮಧ್ಯೆ ಆ ಮಣ್ಣಿನ ಗುಡ್ಡೆ. ನಮ್ಮ ಯಜಮಾನರೂ ಅತ್ತೆಯ ತಮ್ಮನೂ ತಲೆಯ ಕಡೆ ಮಾತ್ರ ಅಗೆದರು. ಉಪ್ಪು ಕಂಡಾಗ ಅತ್ತೆ ಗಂಡಸರನ್ನು ಮೇಲಕ್ಕೆ ಕರೆದು ತಾವು ಇಳಿದರು. ನಾನು ಮಾಡ್ತೀನಿ ಎಂದ ಮಗನನ್ನು ಹತ್ತಿರ ಸೇರಿಸಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡಿದ್ದ ನಾನು ಅಂಚಿನಲ್ಲಿ ನಿಂತಿದ್ದೆ. ಅವರು ಮೂಗು ಮುಚ್ಚಿಕೊಂಡಿರಲಿಲ್ಲ. ಬರಿಗೈಯಲ್ಲಿ ಮಣ್ಣು ಸರಿಸಿ, ಕುಡುಗೋಲು ಹಾಕುವ ಮುಂಚೆ, “ಕ್ವಾಪ ಮಾಡ್ಕಬ್ಯಾಡ ಕಣವ್ವ, ಒಟ್ಟೆಪಾಡು” ಎಂದರು. ಮಲಗಿದ ಮಗುವನ್ನು ಎಬ್ಬಿಸಬಾರದು ಎನ್ನುವಷ್ಟು ಮೆಲ್ಲಗೆ ಎಂದರು. ಅತ್ತೆ ಅಳಲಿಲ್ಲ. ಅತ್ತದ್ದು ನಾನು.

ಮೇಲೆ ಬಂದು ಬೋರ್‌ವೆಲ್ಲಿನ ಪೈಪಿನ ಕೆಳಗೆ ಅದನ್ನು ತೊಳೆದರು. ತೊಳೆದು, ಬೆಳಕಿಗೆ ಹಿಡಿದು, ಮತ್ತೆ ತೊಳೆದರು. ನಾನು ಪ್ಲಾಸ್ಟಿಕ್ ಕವರು ಬಿಚ್ಚಿ ಹಿಡಿದೆ, ಹಾಕಿದರು. ದಾರಿಯುದ್ದಕ್ಕೂ ಅದು ನನ್ನ ಬ್ಯಾಗಿನಲ್ಲಿತ್ತು.

ಅರ್ಜಿ ಈ ಸಲ ಹೋಯಿತು. ಸುಮಾರು ತಿಂಗಳುಗಳಾದ ಮೇಲೆ ಅತ್ತೆಯ ಖಾತೆಗೆ ದುಡ್ಡು ಬಂತು. ಅವರ ತಮ್ಮನೇ ನಾಲ್ಕು ಕಡೆ ಹುಡುಕಿ ಒಂದು ಸೀಮೆಹಸು ಕೊಡಿಸಿದರು, ಕಡಿಮೆ ಬಿದ್ದದ್ದನ್ನು ನಾವು ಕಂತಿನಲ್ಲಿ ತೀರಿಸುವುದೆಂದು ಆಯಿತು. ಕೊಟ್ಟಿಗೆ ಉಳಿಯಿತು, ಮೊಬೈಲ್ ರಿಪೇರಿಯವನು ಬೇರೆ ಜಾಗ ನೋಡಿಕೊಂಡ. ಪ್ಯಾಕೆಟ್ಟಿಗೆ ಹೋಗಿದ್ದ ವರ್ತನೆ ಮನೆಗಳಲ್ಲಿ ಅರ್ಧದಷ್ಟು ವಾಪಸ್ ಬಂದವು. ಬೆಳಗ್ಗೆ ಬಕೆಟ್ಟಿನ ಸದ್ದು ಕೇಳಿದಾಗ ನಾನು ಹೊದ್ದುಕೊಂಡೇ ನಿಟ್ಟುಸಿರು ಬಿಟ್ಟೆ. ಸಂತೋಷದ್ದೇ.

ಡಾಕ್ಟರಮ್ಮ ಹೊಸ ಹಸುವನ್ನು ನೋಡಲು ಇಕ್ಕಳ ಹಿಡಿದೇ ಬಂದರು. ನಾನು ಅರಿಶಿನ ಕುಂಕುಮದ ಬಟ್ಟಲು ತೆಗೆದಿಟ್ಟಿದ್ದೆ. ಅತ್ತೆ ಅದನ್ನು ನೋಡಿ, ಬೇಡ ಎಂದು ಕೈಯಲ್ಲೇ ಸನ್ನೆ ಮಾಡಿದರು.

“ಅಮ್ಮ, ಓಲೆ ಹಾಕೋಣ್ವಾ?” ಎಂದರು ಡಾಕ್ಟರಮ್ಮ.

ಅತ್ತೆ ಹಸುವಿನ ಮೂಗುದಾರ ಬಿಗಿಯಾಗಿ ಹಿಡಿದುಕೊಂಡರು.

“ನಂಬರ್ರು ಅನ್ನಿ ಡಾಕ್ಟ್ರವ್ವ. ಓಲೆ ಅಂದ್ಬುಟ್ರೆ ಆಮ್ಯಾಕೆ ತೆಗ್ಯಕ್ಕೆ ಕೈ ಬರಾಕಿಲ್ಲ.”

ಡಾಕ್ಟರಮ್ಮ ಈ ಸಲ ನಗಲಿಲ್ಲ. “ಸರಿ ಅಮ್ಮ, ನಂಬರ್ ಹಾಕ್ತೀನಿ” ಎಂದು ಇಕ್ಕಳ ಒತ್ತಿದರು.